ಗುಂಡಿಗೆ ಹಚ್ಚಿದ ವಿಭೂತಿ

ಬಂದೂಕಿದ್ದ ಮನೆಯಲ್ಲಿ ಬೆಳೆದವಳು ಎಂದರೆ ಜನ ಏನೇನೋ ಕಲ್ಪಿಸಿಕೊಳ್ಳುತ್ತಾರೆ. ಗೋಡೆಗೆ ಜಿಂಕೆಯ ಕೊಂಬು, ಮೀಸೆ ತಿರುವುವ ಗಂಡಸರು, ಹೆದರಿ ಓಡಾಡುವ ಹೆಂಗಸರು. ನಮ್ಮಲ್ಲಿ ಇವೇನೂ ಇರಲಿಲ್ಲ. ನವಲಗುಂದದ ಹತ್ತಿರ ಎರೆಹೊಲಗಳ ನಡುವಿನ ಊರಿನಲ್ಲಿ ಮಣ್ಣಿನ ಮಾಳಿಗೆಯ ಮನೆ ನಮ್ಮದು. ಮುಂದೆ ಎಮ್ಮೆ ಕಟ್ಟುವ ಜಾಗ, ಅದನ್ನು ದಾಟಿದರೆ ಪಡಸಾಲೆ, ಪಡಸಾಲೆಯ ಬಲಕ್ಕೆ ದೇವರ ಜಗಲಿ, ಎಡಕ್ಕೆ ಅಡುಗೆ ಮನೆ, ಹಿಂದೆ ಒಂದು ಕತ್ತಲೆ ಕೋಣೆ. ಆ ಕೋಣೆಯಲ್ಲಿ ಶೇಂಗಾದ ಚೀಲಗಳ ಹಿಂದೆ, ಬೀಗ ಹಾಕಿದ ಉದ್ದನೆಯ ಕಟ್ಟಿಗೆಯ ಪೆಟ್ಟಿಗೆಯಲ್ಲಿ ಅಪ್ಪನ ರೈಫಲ್ ಮಲಗಿರುತ್ತಿತ್ತು. ಅದರ ಎಣ್ಣೆಯ ವಾಸನೆ, ಶೇಂಗಾದ ವಾಸನೆ, ಮೇಲೆ ತೂಗುಹಾಕಿದ ಬೆಳ್ಳುಳ್ಳಿಯ ವಾಸನೆ ಮೂರೂ ಕೂಡಿ ಒಂದಾಗಿದ್ದವು. ಇವತ್ತಿಗೂ ಶೇಂಗಾ ಹುರಿಯುವಾಗ ನನಗೆ ರೈಫಲ್ಲಿನ ನೆನಪಾಗುತ್ತದೆ. ಮನೆಯಲ್ಲಿ ಹೇಳಿದರೆ ನಗುತ್ತಾರೆ, ಅದಕ್ಕೇ ಹೇಳುವುದಿಲ್ಲ.

ಅಪ್ಪ ಮಿಲಿಟರಿಯಿಂದ ನಿವೃತ್ತಿಯಾಗಿ ಬಂದು ನವಲಗುಂದದ ಒಂದು ಬ್ಯಾಂಕಿನ ಬಾಗಿಲಲ್ಲಿ ಕಾವಲಿಗಿದ್ದ. ಊರವರಿಗೆ ಅವನು ಮಿಲಿಟ್ರಿ ಈರಪ್ಪ. ಬೆಳಿಗ್ಗೆ ರೈಫಲ್ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದರೆ ಸಂಜೆ ಅದೇ ಬಸ್ಸಿಗೆ ಬಂದು, ಎಮ್ಮೆಗೆ ಮೇವು ಹಾಕಿ, ಆಮೇಲೆ ಅಂಗಿ ಬಿಚ್ಚುತ್ತಿದ್ದ. ಎಷ್ಟೋ ವರ್ಷ ಆ ಬಾಗಿಲಲ್ಲಿ ನಿಂತರೂ ಒಂದು ಸಲವೂ ಆ ರೈಫಲ್ ಸಿಡಿಯಲಿಲ್ಲ. ಸಿಡಿಯುತ್ತಿದ್ದದ್ದು ವರ್ಷಕ್ಕೊಂದು ಸಲ, ದಸರೆ ಮುಗಿದ ಮೇಲೆ, ಧಾರವಾಡದ ಆಚೆಯ ಮೈದಾನದಲ್ಲಿ. ಕಾವಲಿನವರೆಲ್ಲ ಅಲ್ಲಿಗೆ ಹೋಗಿ ಪೊಲೀಸ್ ಸಾಹೇಬರ ಎದುರಿಗೆ ಹಲಗೆಗೆ ಗುಂಡು ಹೊಡೆದು ತೋರಿಸಬೇಕು. ಅಪ್ಪ ಅದಕ್ಕೆ ಚಾಂದಮಾರಿ ಎನ್ನುತ್ತಿದ್ದ. ಮಿಲಿಟರಿಯಿಂದ ಅವನು ಮನೆಗೆ ತಂದದ್ದು ಆ ಮಾತು, ಒಂದು ಕಂಬಳಿ ಮತ್ತು ಚಹಾದಲ್ಲಿ ಅತಿಯಾಗಿ ಸಕ್ಕರೆ ಹಾಕುವ ರೂಢಿ.

ಚಾಂದಮಾರಿಯ ತಯಾರಿ ನಮ್ಮ ಮನೆಯಲ್ಲಿ ಹಬ್ಬದ ಅಡುಗೆಯ ಹಾಗೆ ವಾರದ ಮೊದಲೇ ಸುರುವಾಗುತ್ತಿತ್ತು. ಪಡಸಾಲೆಯಲ್ಲಿ ಕೌದಿ ಹಾಸಿ, ಅಪ್ಪ ರೈಫಲ್ ಬಿಚ್ಚಿ ಕೂರುತ್ತಿದ್ದ. ಗುಂಡು ತುಂಬುವ ತಗಡಿನ ಪೆಟ್ಟಿಗೆಗೆ ಮ್ಯಾಗಜಿನ್ ಎನ್ನುತ್ತಾರೆ, ಅವನ ಹತ್ತಿರ ಅಂಥವು ಎರಡಿದ್ದವು. ಒಳಗೊಂದು ಸ್ಪ್ರಿಂಗು, ಮೇಲಿನ ಗುಂಡು ಹೋದ ಹಾಗೆ ಕೆಳಗಿನದನ್ನು ಅದು ಮೇಲಕ್ಕೆತ್ತುತ್ತದೆ. ಮ್ಯಾಗಜಿನ್ನು ಅಪ್ಪನ ಕೆಲಸ, ಗುಂಡಿನ ಕಾಡತೂಸು ಅವ್ವನ ಕೆಲಸ. ಅವ್ವ ಹೊಸ ಗುಂಡುಗಳನ್ನು ಜೋಳ ಕೇರುವ ಮೊರದಲ್ಲಿ ಸುರಿದುಕೊಂಡು, ತನ್ನ ಹಳೆಯ ಇಳಕಲ್ ಸೀರೆಯ ತುಂಡಿನಿಂದ ಒಂದೊಂದನ್ನೇ ಒರೆಸಿ, ಬೋರಲು ಹಾಕಿದ ತಾಟಿನ ಮೇಲೆ ಉರುಳಿಸಿ ನೋಡುತ್ತಿದ್ದಳು. ಸೊಟ್ಟಗಿದ್ದದ್ದು ತಟಕ್ಕನೆ ಜಿಗಿಯುತ್ತಿತ್ತು. ಕಿಲುಬು ಹಿಡಿದದ್ದನ್ನು ಬೇರೆ ಇಡುತ್ತಿದ್ದಳು. ಅಕ್ಕಿಯಲ್ಲಿ ಹರಳು ಆರಿಸುವಾಗ ಇರುತ್ತಿದ್ದ ಮುಖವೇ ಆಗಲೂ ಇರುತ್ತಿತ್ತು.

"ಇದಕ್ಕ ಹುಣಸಿಹಣ್ಣು ಹಚ್ಚಿ ತಿಕ್ಕಲೇನ್ರಿ? ಫಳಫಳ ಹೊಳೀತಾವ."

"ಏ, ಬಿಡಬೇ! ಅವೇನ ನಿನ್ನ ತಂಬಿಗಿ ಅಲ್ಲ."

ಪ್ರತಿ ವರ್ಷವೂ ಅವ್ವ ಇದನ್ನು ಕೇಳುತ್ತಿದ್ದಳು, ಪ್ರತಿ ವರ್ಷವೂ ಅಪ್ಪ ಬೆಚ್ಚಿಬೀಳುತ್ತಿದ್ದ. ಅವಳು ಬೇಕಂತಲೇ ಕೇಳುತ್ತಾಳೆ ಎಂದು ಅವನಿಗೆ ಗೊತ್ತಿತ್ತೋ ಇಲ್ಲವೋ ನಾನು ಹೇಳಲಾರೆ.

ಆಮೇಲೆ ದಸರೆಯಲ್ಲಿ ಆಯುಧಗಳ ಖಂಡೆ ಪೂಜೆಯ ದಿನ ಜಗಳ. ಆಯಿ, ಅಂದರೆ ಅಪ್ಪನ ಅವ್ವ, ಕುಡುಗೋಲು, ಕೊಡಲಿ, ಕುರ್ಪಿ, ಈಳಿಗೆ ಎಲ್ಲವನ್ನೂ ಜಗಲಿಯ ಮುಂದೆ ಸಾಲಾಗಿ ಇಟ್ಟು, ರೈಫಲ್ಲನ್ನೂ ತರಿಸಿ, ಕೊನೆಗೆ ಗುಂಡು ಕೇಳುತ್ತಿದ್ದಳು. ಅವಳ ಕಣ್ಣಿಗೆ ಪೊರೆ ಬಂದು ಬಹಳ ದಿನವಾಗಿತ್ತು, ಆದರೂ ಪೂಜೆ ಬೇರೆಯವರ ಕೈಗೆ ಕೊಡುತ್ತಿರಲಿಲ್ಲ.

"ಗುಂಡಿಗೆ ನೀರು ತಾಕಬಾರ್ದಂತ ಅತ್ತಿ. ಬಂದೂಕ ಪೂಜಿ ಮಾಡೀರಿ, ಸಾಕಲ್ರಿ."

"ಬಂದೂಕು ಹೊಡೀತತೇನ? ಹೊಡ್ಯೂದು ಗುಂಡು. ತಾ ಅಂದ್ರ ತಾ."

ಅವ್ವ ಗೊಣಗುತ್ತ ಕತ್ತಲೆ ಕೋಣೆಗೆ ಹೋಗಿ, ಹಿತ್ತಾಳೆಯ ತಾಟು ತಂದು ಇಡುತ್ತಿದ್ದಳು. ತಾಟಿನ ತುಂಬ ಚೆಂಡು ಹೂವು, ಹೂವಿನ ಸಂದಿಯಲ್ಲಿ ಹಿತ್ತಾಳೆಯ ಹೊಳಪು. ಆಯಿ ಒದ್ದೆ ವಿಭೂತಿಯಲ್ಲಿ ಮೂರು ಬೆರಳು ಅದ್ದಿ, ಒಂದೊಂದಕ್ಕೂ ಅಡ್ಡ ಎಳೆದು, ಕಾಯಿ ಒಡೆದು ಆ ನೀರನ್ನು ಎಲ್ಲದರ ಮೇಲೂ ಚಿಮುಕಿಸುತ್ತಿದ್ದಳು. ಅತ್ತೆ ಸೊಸೆ ಇಬ್ಬರೂ ಅವತ್ತು ಊಟದ ತನಕ ಮಾತಾಡುತ್ತಿರಲಿಲ್ಲ. ಉಪ್ಪಿಗೂ ಜಗಳ, ಹೆರಳಿಗೂ ಜಗಳ, ಎಮ್ಮೆಯ ಹಾಲಿಗೂ ಜಗಳ ಆಡುತ್ತಿದ್ದವರು ಅವರು. ಇದೂ ಅಂಥದ್ದೇ ಒಂದು ಎಂದು ನಾನು ತಿಳಿದಿದ್ದೆ.

ನಾನು ಹೇಳಬೇಕಾದ ವರ್ಷದಲ್ಲಿ ಅವ್ವ ಇರಲಿಲ್ಲ. ಶ್ರಾವಣದಲ್ಲಿ ಕಾಮಾಲೆಯಾಗಿ ಹಾಸಿಗೆ ಹಿಡಿದವಳು ಏಳಲೇ ಇಲ್ಲ. ನಮ್ಮ ಹೊಲದ ಬದುವಿನಲ್ಲಿ ಮಣ್ಣು ಕೊಟ್ಟರು. ನಾನೂ ಒಂದು ಹಿಡಿ ಹಾಕಿದೆ. ಆ ಮಣ್ಣು ಒದ್ದೆಯಾಗಿ ಕೈಗೆ ಅಂಟಿಕೊಂಡದ್ದು ನೆನಪಿದೆ, ಬೇರೇನೂ ಅನಿಸಿದ್ದು ನೆನಪಿಲ್ಲ. ಹೆಂಗಸರು ನನ್ನನ್ನು ತಬ್ಬಿ ಅತ್ತರು, ನಾನು ಅವರ ಸೀರೆಯ ಅಂಚು ನೋಡುತ್ತಿದ್ದೆ. ಕೂಸಿಗೆ ಅಳು ಬರವಲ್ದು, ಹೆಂಗಾರ ಮಾಡಿ ಅಳಸ್ರಿ ಎಂದು ಯಾರೋ ಹೇಳಿದರು. ಬಹಳ ಹೊತ್ತು ಮಡಚಿ ಕೂತ ಕಾಲಿಗೆ ಜೋಮು ಹಿಡಿಯುತ್ತದಲ್ಲ, ಮುಟ್ಟಿದರೂ ನಮ್ಮದಲ್ಲ ಎನಿಸುತ್ತದಲ್ಲ, ನನಗೆ ಇಡೀ ಮೈಗೆ ಹಾಗಾಗಿತ್ತು. ಬಡಿಸಿದ್ದು ಉಣ್ಣುತ್ತಿದ್ದೆ. ಶಾಲೆಗೆ ಹೋಗುತ್ತಿದ್ದೆ. ಹೆರಳು ಹಾಕುವವರಿಲ್ಲದೆ ಕೂದಲು ಗಂಟಾದಾಗ ಆಯಿ ಕತ್ತರಿ ತಂದು ಕುತ್ತಿಗೆಯ ತನಕ ಕತ್ತರಿಸಿದಳು. ಅದಕ್ಕೂ ಏನೂ ಅನಿಸಲಿಲ್ಲ. ಅಪ್ಪನೂ ಹಾಗೆಯೇ ಆಗಿದ್ದ. ಏನು ಕೇಳಿದರೂ ಇರಲಿ ಎನ್ನುತ್ತಿದ್ದ. ಸಾರಿಗೆ ಉಪ್ಪಿಲ್ಲ, ಇರಲಿ. ಎಮ್ಮೆ ಹಾಲು ಕಡಿಮೆ ಮಾಡಿದೆ, ಇರಲಿ. ಮಾಳಿಗೆ ಸೋರುತ್ತಿದೆ, ಇರಲಿ. ಚಹಾಕ್ಕೆ ಸಕ್ಕರೆ ಹಾಕಿಕೊಳ್ಳುವುದನ್ನೂ ಮರೆತಿದ್ದ.

ದಸರೆಗೆ ಮುಂಚೆ ಶಲವಡಿಯಿಂದ ಸೋದರಮಾವ ಬಂದ. ಪಡಸಾಲೆಯಲ್ಲಿ ಅಪ್ಪನ ಎದುರಿಗೆ ಕೂತು, ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡ. ಆ ವರ್ಷ ಕಾವಲಿನವರನ್ನು ಕಡಿಮೆ ಮಾಡುತ್ತಿದ್ದಾರೆಂದು ಎಲ್ಲರಿಗೂ ಗೊತ್ತಿತ್ತು. ಚಾಂದಮಾರಿಯಲ್ಲಿ ಪಾಸಾದವರು ಬ್ಯಾಂಕಿನಲ್ಲಿ ಉಳಿಯುತ್ತಾರೆ, ಫೇಲಾದವರಿಗೆ ಗೋವಾದ ಕಡೆ ಗೋದಾಮಿನಲ್ಲಿ ಕೋಲು ಹಿಡಿಯುವ ಕೆಲಸ. ಅಲ್ಲಿಂದ ಮನೆಗೆ ಬರುವುದು ಹಬ್ಬಕ್ಕೆ ಮಾತ್ರ.

"ಮಾವಾರ, ನೀವು ಇಲ್ಲೇ ಇದ್ರ ಕೂಸು ಇಲ್ಲೇ ಇರ್ಲಿ, ನಾ ಬ್ಯಾಡ ಅನ್ನಂಗಿಲ್ಲ. ನೀವು ದೂರ ಹೋದ್ರಿ ಅಂದ್ರ ಕಣ್ಣು ಕಾಣದ ಮುದುಕಿ ಕೈಯಾಗ ಹೆಂಗ ಬಿಡ್ಲಿ? ದೀಪಾವಳಿಗೆ ನಾ ಕರ್ಕೊಂಡ ಹೊಕ್ಕೇನ್ರಿ."

"ಚಾಂದಮಾರಿ ಆಗ್ಲಿ, ನೋಡೂಣು."

"ಕೈ ನಡಗತಾವಲ್ರಿ ನಿಮ್ಮವು."

ಅಪ್ಪ ತನ್ನ ಕೈ ನೋಡಿಕೊಂಡ. ಹೌದು, ಚಹಾದ ಬಟ್ಟಲು ಬಸಿಯ ಮೇಲೆ ಕಿಣಿಕಿಣಿ ಎನ್ನುತ್ತಿತ್ತು. ಮಾವ ಹೋಗುವಾಗ ನನ್ನ ಲಂಗ, ಪೋಲಕಗಳನ್ನು ಅವ್ವನ ಟ್ರಂಕಿನಲ್ಲಿ ತುಂಬಿಡಲು ಆಯಿಗೆ ಹೇಳಿದ. ಆಯಿ ತುಂಬಿಟ್ಟಳು. ನಾನು ಬೇಕಾದ ಬಟ್ಟೆಯನ್ನು ಟ್ರಂಕಿನಿಂದಲೇ ತೆಗೆದು ಹಾಕಿಕೊಳ್ಳತೊಡಗಿದೆ. ಶಲವಡಿಯಾದರೂ ಸರಿ, ಇಲ್ಲಾದರೂ ಸರಿ ಎನಿಸುತ್ತಿತ್ತು. ಎಲ್ಲಿದ್ದರೂ ಅವ್ವ ಇರುವುದಿಲ್ಲವಲ್ಲ.

ತಯಾರಿಗೆ ಅಪ್ಪ ಕೌದಿ ಹಾಸಿದಾಗ ಮೊರದ ಹತ್ತಿರದ ಜಾಗ ಖಾಲಿಯಿತ್ತು. ಅವನು ಆ ಕಡೆ ಒಮ್ಮೆ ನೋಡಿ, ನಮ್ಮ ಕಡೆ ಮಗಳನ್ನು ಕರೆಯುವ ಹಾಗೆ, ಬಾ ತಂಗಿ ಎಂದ. ನಾನು ಹೋಗಿ ಕೂತೆ. ಇಳಕಲ್ ಸೀರೆಯ ತುಂಡು ಇದ್ದಲ್ಲೇ ಇತ್ತು. ಅವ್ವ ಮಾಡುತ್ತಿದ್ದ ಹಾಗೆ ಒರೆಸಿದೆ, ತಾಟಿನ ಮೇಲೆ ಉರುಳಿಸಿದೆ. ಅಪ್ಪ ಮ್ಯಾಗಜಿನ್ನಿನ ಸ್ಪ್ರಿಂಗು ಒತ್ತಿ ಬಿಟ್ಟು ನೋಡಿದ. ಹುಣಸೆಹಣ್ಣಿನ ಮಾತು ಬರಬೇಕಾದ ಹೊತ್ತಿಗೆ ಹೊರಗೆ ಎಮ್ಮೆ ಬಾಲ ಬೀಸುವುದು ಕೇಳಿಸಿತು. ಕೆಲಸ ಚೆನ್ನಾಗಿಯೇ ಆಯಿತು.

ಖಂಡೆ ಪೂಜೆ ಬಂತು. ನಮ್ಮಲ್ಲಿ ಸಾವಿಗೆ ಸೂತಕವಿಲ್ಲ, ಪೂಜೆ ತಪ್ಪಿಸುವಂತಿಲ್ಲ. ಆಯಿ ಎಲ್ಲ ಸಾಲಾಗಿ ಇಟ್ಟು, ಕೊನೆಗೆ ರೂಢಿಯ ಪ್ರಕಾರ ಗುಂಡು ಕೇಳಿದಳು. ಬೇಡ ಎನ್ನುವವರು ಯಾರೂ ಇರಲಿಲ್ಲ. ಅಪ್ಪ ನನಗೆ ಕಣ್ಣಲ್ಲೇ ತಂದುಕೊಡು ಎಂದ. ನಾನು ಮೊರದಲ್ಲಿದ್ದ ಗುಂಡುಗಳನ್ನು ಹಿತ್ತಾಳೆಯ ತಾಟಿಗೆ ಸುರಿದು, ಎರಡೂ ಮ್ಯಾಗಜಿನ್ನುಗಳನ್ನು ತಾಟಿನಲ್ಲೇ ಬದಿಗಿಟ್ಟು ತಂದುಕೊಟ್ಟೆ. ಆಯಿ ತಾಟು ಎತ್ತಿಕೊಂಡಳು. ಎತ್ತಿಕೊಂಡವಳು ಸ್ವಲ್ಪ ಹೊತ್ತು ಹಾಗೇ ನಿಂತಳು. ಸೊಂಟ ಹಿಡಿಯಿತೇನೋ ಎಂದುಕೊಂಡೆ. ಆಮೇಲೆ ಕೂತು ಒಂದೊಂದಕ್ಕೂ ವಿಭೂತಿ ಹಚ್ಚಿದಳು, ಯಾವತ್ತಿಗಿಂತ ನಿಧಾನವಾಗಿ, ಯಾವತ್ತಿಗಿಂತ ದಪ್ಪವಾಗಿ. ಮ್ಯಾಗಜಿನ್ನಿಗೂ ಹಚ್ಚಿ, ಎಲ್ಲಕ್ಕೂ ಕುಂಕುಮವಿಟ್ಟು, ಕಾಯಿ ನೀರು ಚಿಮುಕಿಸಿದಳು. ಬನ್ನಿ ಕೊಡುವ ತನಕ ಪೂಜೆಗಿಟ್ಟದ್ದನ್ನು ಮುಟ್ಟಬಾರದು, ಅದಕ್ಕೆ ಎಲ್ಲ ಅಲ್ಲೇ ಒಣಗಿತು.

ಬನ್ನಿ ಕೊಟ್ಟು, ಬಂಗಾರದಂಗ ಇರೂಣು ಎಂದು ಎಲ್ಲರೂ ಎಲ್ಲರ ಕಾಲಿಗೆ ಬಿದ್ದ ಮೇಲೆ, ಅಪ್ಪ ಗುಂಡು ಒರೆಸಲು ಬಟ್ಟೆ ಕೈಗೆ ತೆಗೆದುಕೊಂಡ. ಆಯಿ ಅವನ ಮಣಿಕಟ್ಟು ಹಿಡಿದಳು.

"ಒರಸಬ್ಯಾಡಪಾ. ಈ ಸಲ ಒರಸಬ್ಯಾಡ. ದೇವ್ರ ಕೈ ಇಟ್ಟಾನ, ಇರ್ಲಿ."

"ಯವ್ವಾ, ಸಿಕ್ಕೊಂತಾವ ಇವು."

"ಕೂಸು ಮನ್ಯಾಗ ಉಳೀಬೇಕಲೇ ಈರಪ್ಪಾ."

ಮಿಲಿಟರಿಯಲ್ಲಿ ಗುಂಡಿನ ಮೇಲೆ ಬೆರಳಿನ ಬೆವರೂ ಇರಗೊಡದೆ ಬದುಕಿದ ಮನುಷ್ಯ ಅವನು. ಅವ್ವ ಇದ್ದಿದ್ದರೆ ಅವಳು ಜಗಳವಾಡುತ್ತಿದ್ದಳು, ಅವನಿಗೆ ಬಾಯಿ ಬಿಡುವ ಪ್ರಸಂಗವೇ ಬರುತ್ತಿರಲಿಲ್ಲ. ಅವನು ಬಟ್ಟೆ ಕೆಳಗಿಟ್ಟ. ಇರಲಿ ಎಂದ. ವಿಭೂತಿ ಬಳಿದ ಗುಂಡುಗಳನ್ನು ಮ್ಯಾಗಜಿನ್ನಿಗೆ ಒಂದೊಂದಾಗಿ ಒತ್ತಿ ತುಂಬಿದ. ಮೈದಾನಕ್ಕೆ ಹೋದ ಮೇಲೆ ಒರೆಸಿದರಾಯಿತು ಎಂದು ಅಂದುಕೊಂಡಿರಬೇಕು.

ಚಾಂದಮಾರಿಗೆ ನನ್ನನ್ನೂ ಕರೆದುಕೊಂಡು ಹೋದ. ದಸರೆ ಸೂಟಿ ಇತ್ತು, ಆಯಿ ಹರಕೆ ಹೊತ್ತು ಯಮನೂರಿಗೆ ಹೋಗಿದ್ದಳು. ಮೈದಾನದ ಕೊನೆಗೆ ಎತ್ತರದ ಮಣ್ಣಿನ ದಿಬ್ಬ, ಅದರ ಮುಂದೆ ಹಲಗೆಗಳು, ಕೆಂಪು ಬಾವುಟ. ಹಗ್ಗದ ಹಿಂದೆ ಬೇವಿನ ಗಿಡದ ಕೆಳಗೆ ನನ್ನನ್ನು ಕೂರಿಸಿ ಅಪ್ಪ ಬಟ್ಟೆ ತೆಗೆಯುವಷ್ಟರಲ್ಲಿ ಅವನ ಹೆಸರನ್ನೇ ಮೊದಲು ಕೂಗಿದರು. ಅವನು ಓಡಿದ. ತಾಡಪಾಲಿನ ಮೇಲೆ ಬೋರಲು ಮಲಗಿದ. ಬಾಜು ಮಲಗಿದವರ ರೈಫಲ್ಲುಗಳು ಢಂ ಢಂ ಎಂದವು. ಅಪ್ಪನದು ಟಕ್ ಎಂದಿತು, ಅಷ್ಟೇ. ಸ್ವಲ್ಪ ಹೊತ್ತು ತಡೆದು ಅದನ್ನು ತೆಗೆದ. ಎರಡನೆಯದು ಮೇಲಕ್ಕೇ ಬರಲಿಲ್ಲ. ಕಾಯಿ ನೀರಿನ ಅಂಟು, ಒಣಗಿದ ವಿಭೂತಿ ಕೂಡಿ ಸ್ಪ್ರಿಂಗು ಕೂತುಬಿಟ್ಟಿತ್ತು. ಸಾಹೇಬರು ಬಂದು, ಬಿದ್ದಿದ್ದ ಗುಂಡನ್ನು ಎತ್ತಿ ಹಿಡಿದು ನೋಡಿದರು. ಮೂರು ಬಿಳಿ ಗೆರೆ, ನಡುವೆ ಕುಂಕುಮ.

"ಏನ್ರೀ ಇದು? ಗುಂಡಿಗೆ ಅಯ್ಯಾಚಾರ ಮಾಡಿಸ್ಕೊಂಡ ಬಂದೀರೇನ?"

ಎಲ್ಲರೂ ನಕ್ಕರು. ಮಕ್ಕಳಿಗೆ ದೀಕ್ಷೆ ಕೊಟ್ಟ ಹಾಗೆ ಗುಂಡಿಗೂ ಕೊಟ್ಟಿರಿ ಎಂದರೆ ಯಾರಿಗಾದರೂ ನಗು ಬರುತ್ತದೆ.

"ಮಿಲಿಟ್ರ್ಯಾಗ ಇದ್ದವ್ರು ನೀವು. ನೋಡ್ಕೊಂಡ ತರಬೇಕೋ ಬ್ಯಾಡೋ?"

ಅಪ್ಪ ಎದ್ದು ನೆಟ್ಟಗೆ ನಿಂತ. ಆಯಿ ಮಾಡಿದಳೆಂದು ಹೇಳಲಿಲ್ಲ, ಹೆಸರು ಬೇಗ ಕೂಗಿದಿರಿ ಎಂದೂ ಹೇಳಲಿಲ್ಲ.

"ಮನ್ಯಾಗ ನೋಡಾವ್ರು ಇಲ್ರಿ ಸಾಹೇಬ್ರ. ಶ್ರಾವಣದಾಗ ತೀರ್ಕೊಂಡ್ಲು."

ಅವ್ವ ತೀರಿಕೊಂಡಳೆಂದು ಅಪ್ಪನ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ನಗು ನಿಂತಿತು. ಸಾಹೇಬರು ಗುಂಡನ್ನು ಅವನ ಅಂಗೈಯಲ್ಲಿ ಇಟ್ಟರು.

"ಹೋಗ್ರಿ, ಸ್ವಚ್ಛ ಮಾಡ್ಕೊಂಡ ಕಡೀಗೆ ಬರ್ರಿ."

ಬೇವಿನ ಗಿಡದ ಕೆಳಗೆ ಅಪ್ಪ ಟಾವೆಲ್ಲು ಹಾಸಿ ಮ್ಯಾಗಜಿನ್ನು ಬರಿದು ಮಾಡಿದ. ನಾನು ಇಳಕಲ್ ತುಂಡಿನಿಂದ ಒರೆಸಿ ಕೊಡುತ್ತಿದ್ದೆ, ಅವನು ಬುತ್ತಿ ಡಬ್ಬಿಯ ಮುಚ್ಚಳದ ಮೇಲೆ ಉರುಳಿಸಿ ನೋಡುತ್ತಿದ್ದ. ವಿಭೂತಿ ಉಗುರಿನಲ್ಲಿ ಕೆರೆದರೂ ಬೇಗ ಬಿಡುತ್ತಿರಲಿಲ್ಲ. ತಳದಲ್ಲಿ ಪಸೆ ಆಡಿದ್ದನ್ನು ಬೇರೆ ಇಟ್ಟ. ಸ್ಪ್ರಿಂಗು ಬಿಚ್ಚಿ, ತಿಕ್ಕಿ, ಮತ್ತೆ ಹಾಕಿದ. ಎಲ್ಲ ಮುಗಿಯುವಾಗ ನನ್ನ ಕಡೆ ನೋಡದೆ ಒಂದು ಮಾತಾಡಿದ.

"ಹುಣಸಿಹಣ್ಣು ಹಚ್ಚಲೇನು ಅಂತಿದ್ಲು ಹುಚ್ಚಿ."

ಅವನ ಕೈ ಆಗ ನಡುಗುತ್ತಿರಲಿಲ್ಲ. ಕೆಲಸ ಸಿಕ್ಕಿದ್ದಕ್ಕೋ, ಆ ಮಾತು ಹೊರಗೆ ಬಂದದ್ದಕ್ಕೋ ಗೊತ್ತಿಲ್ಲ. ಬಿಸಿಲು ಇಳಿಯುವಾಗ ಎಲ್ಲರ ಕೊನೆಗೆ ಅವನೊಬ್ಬನೇ ಮಲಗಿ ಹೊಡೆದ. ಒಂದು ದಿಬ್ಬಕ್ಕೆ ಬಿತ್ತು, ಉಳಿದವೆಲ್ಲ ಹಲಗೆಗೆ. ಸಾಹೇಬರು ಸಹಿ ಹಾಕಿದರು. ಅಪ್ಪ ಬಂದು ನನ್ನ ಕತ್ತರಿಸಿದ ಕೂದಲ ಮೇಲೆ ಕೈಯಿಟ್ಟು, ನೀ ಎಲ್ಲೂ ಹೋಗಂಗಿಲ್ಲ ತಂಗಿ ಎಂದ. ಹೂಂ ಎಂದೆ. ಸಂತೋಷವಾಗಬೇಕಿತ್ತು, ಆಗಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಗಿರಮಿಟ್ಟು ಕೊಡಿಸಿದ. ತಿಂದೆ. ಖಾರವೂ ಹತ್ತಲಿಲ್ಲ.

ಮನೆಗೆ ಬಂದಾಗ ಆಯಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಆತು ಯವ್ವಾ, ಇಲ್ಲೇ ಇಟ್ಕೊಂಡ್ರು ಎಂದು ಅಪ್ಪ ಹೇಳಿದ. ನನ್ನ ವಿಭೂತಿ ಕೈ ಬಿಡಲಿಲ್ಲ ನೋಡು ಎಂದಳು ಆಯಿ. ಹೌದವ್ವಾ, ನಿನ್ನ ವಿಭೂತಿ ಎಂದ ಅಪ್ಪ, ಎಮ್ಮೆಗೆ ಮೇವು ಹಾಕಲು ಹೊರಗೆ ಹೋದ. ನಾನು ಒಲೆಯ ಬದಿಗೆ ಕೂತೆ. ಯಾರಿಗೂ ನೋಯಿಸಬೇಕೆಂದಲ್ಲ, ಮುಚ್ಚಿಡಬೇಕೆಂದೂ ಅನಿಸಲಿಲ್ಲ. ನಡೆದದ್ದನ್ನು ಪಾಠ ಒಪ್ಪಿಸಿದ ಹಾಗೆ ಹೇಳಿದೆ.

"ಆಯಿ, ಗುಂಡು ಸಿಕ್ಕೊಂಡಿದ್ದುವು. ವಿಭೂತಿ ಒರಸಿದ ಮ್ಯಾಲೇ ಹೊಡದ್ವು."

ಆಯಿಯ ಕೈ ರೊಟ್ಟಿಯ ಮೇಲೆ ನಿಂತಿತು. ಹಂಚಿನ ಮೇಲಿದ್ದದ್ದು ಸೀದು ಹೊಗೆ ಎದ್ದಿತು. ಅವಳು ಅದನ್ನು ತೆಗೆದು ಬದಿಗಿಟ್ಟು, ಗೋಡೆ ಹಿಡಿದು ಎದ್ದು, ಉಪ್ಪಿನಕಾಯಿಯ ಭರಣಿಯ ಹಿಂದೆ ಕೈ ಹಾಕಿ ಒಂದು ಗಂಟು ತೆಗೆದಳು. ಅವ್ವನ ಇಳಕಲ್ ಸೀರೆಯದೇ ಬಟ್ಟೆ. ಬಿಚ್ಚಿದರೆ ಒಳಗೆ ಖಾಲಿ ಕಾಡತೂಸುಗಳು. ಹಿಂದಿನ ವರ್ಷಗಳಲ್ಲಿ ಮೈದಾನದಲ್ಲಿ ಹೊಡೆದು ಅಪ್ಪ ತಂದವು, ಮುಂದೆ ಗುಂಡಿಲ್ಲದ ಬರಿಯ ಹಿತ್ತಾಳೆಯ ಕೊಳವೆಗಳು. ಒಂದೊಂದರ ಮೇಲೂ ವಿಭೂತಿಯ ಮೇಲೆ ವಿಭೂತಿ, ಕುಂಕುಮದ ಮೇಲೆ ಕುಂಕುಮ. ಒಂದರ ಬಾಯಲ್ಲಿ ಒಣಗಿದ ಚೆಂಡು ಹೂವಿನ ಎಸಳು ಸಿಕ್ಕಿಕೊಂಡಿತ್ತು.

"ನಿಮ್ಮವ್ವ ವರ್ಷಾ ಇವನ್ನ ಇಡತಿದ್ಲು. ಹೂವು ಮುಚ್ಚಿ ತರತಿದ್ಲು. ಈ ಕುರುಡಿಗೇನು ತಿಳೀತತಿ ಅಂತ."

"ನಿನಗ ಗೊತ್ತಿತ್ತಾ?"

"ಕಣ್ಣು ಹೋಗ್ಯಾವ, ಕೈ ಹೋಗ್ಯಾವೇನ? ತಾಟು ಹಗುರ ಇರತಿತ್ತು. ಇರ್ಲಿ, ಸೊಸಿ ಶಾಣ್ಯಾ ಅದಾಳ, ಗಂಡನ ಗುಂಡು ಕೆಡಬಾರ್ದು ಅಂತ ಮಾಡತಾಳ, ನನ್ನ ಮನಸ್ಸೂ ಮುರೀಬಾರ್ದು ಅಂತ ಮಾಡತಾಳ ಅಂತ ಸುಮ್ನಿದ್ದೆ. ಜಗಳಾ ಮಾತ್ರ ಬಿಡಲಿಲ್ಲ ನಾ. ಬಿಟ್ರ ನನಗ ತಿಳದೇತಿ ಅಂತ ಅಕಿಗೆ ಗೊತ್ತಾಗತಿತ್ತಲ್ಲ."

ಒಲೆಯಲ್ಲಿ ಉರಿ ಸಣ್ಣದಾಗಿತ್ತು. ಅವಳು ಕಟ್ಟಿಗೆ ಮುಂದಕ್ಕೆ ತಳ್ಳಲಿಲ್ಲ.

"ಮಣ್ಣು ಕೊಟ್ಟಾಗೂ ನನಗ ಖರೇ ಅನಸಿರಲಿಲ್ಲ ತಂಗಿ. ಮೊನ್ನಿ ತಾಟು ಎತ್ತಿದ್ನಲ್ಲ, ಭಾರ ಆತು. ಅವಾಗ ತಿಳೀತು, ಅಕಿ ಇಲ್ಲ ಅಂತ. ನಿಮ್ಮಪ್ಪ ತಿಳದ ಕೊಟ್ಟಾನ, ಖರೇ ಗುಂಡಿಗೇ ಪೂಜಿ ಬೇಕಾಗೇತಿ ಅಂತ ದಪ್ಪ ಹಚ್ಚಿಬಿಟ್ಟೆ. ನನಗೂ ಬ್ಯಾಡ ಅನ್ನಾವ್ರು ಬೇಕಾಗಿತ್ತು."

ಅವಳು ಒಂದು ಖಾಲಿ ಕಾಡತೂಸನ್ನು ನನ್ನ ಅಂಗೈಯಲ್ಲಿ ಇಟ್ಟಳು. ಹಗಲೆಲ್ಲ ತುಂಬಿದ ಗುಂಡು ಹಿಡಿದಿದ್ದ ಕೈ ಅದು. ಇದಕ್ಕೆ ಏನೂ ಭಾರವಿರಲಿಲ್ಲ, ಕೈಯಲ್ಲಿದೆ ಎಂದೇ ಅನಿಸಲಿಲ್ಲ. ಇಷ್ಟು ಹಗುರದ್ದನ್ನು ಹೂವಿನಲ್ಲಿ ಮುಚ್ಚಿ, ಗೊಣಗುತ್ತ, ಆಯಿಯ ಕೈಗೆ ಕೊಡುತ್ತಿದ್ದ ಅವ್ವ ನನ್ನ ಕಣ್ಣೆದುರಿಗೆ ಬಂದಳು. ಮುಖ ತಿರುಗಿಸಿಕೊಂಡು ಬಂದವಳು ಬಾಗಿಲ ಮರೆಯಲ್ಲಿ ನನ್ನನ್ನು ನೋಡಿ ತುಟಿ ಕಚ್ಚಿ ನಗುತ್ತಿದ್ದಳಲ್ಲ, ಯಾಕೆ ನಗುತ್ತಾಳೆಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಆಗ ಅಳು ಬಂತು. ಜೋಮು ಬಿಡುವಾಗ ಕಾಲು ಚುಚ್ಚುವಂತೆ ಮೈಯೆಲ್ಲ ಚುಚ್ಚಿತು, ತಡೆಯಲಾಗಲಿಲ್ಲ. ಅಪ್ಪ ಬಾಗಿಲಿಗೆ ಬಂದು ನಿಂತು ನೋಡಿದ, ಕೈಯಲ್ಲಿ ಮೇವಿನ ಸಿವುಡು ಹಾಗೇ ಇತ್ತು. ಆಯಿ ಹಿಟ್ಟಿನ ಕೈಯಲ್ಲೇ ನನ್ನ ತಲೆಯನ್ನು ತೊಡೆಗೆ ಎಳೆದುಕೊಂಡಳು.

"ಬರೂ ವರ್ಷ ಇವನ್ನ ನೀ ಇಡು. ನಾ ಏನೂ ಕೇಳಂಗಿಲ್ಲ."

ಮರುವರ್ಷ ಖಂಡೆ ಪೂಜೆಗೆ ನಾನು ಗಂಟು ಬಿಚ್ಚಿ, ತಾಟಿನ ತುಂಬ ಚೆಂಡು ಹೂವು ಸುರಿದು ತಂದಿಟ್ಟೆ. ಗುಂಡಿಗೆ ನೀರು ತಾಕಬಾರದು ಎಂದು ಮೊದಲು ಒಂದಿಷ್ಟು ಜಗಳವನ್ನೂ ಆಡಿದೆ. ಆಯಿ ತಾಟು ಎತ್ತಿ ನೋಡಿ, ಕೂತು, ವಿಭೂತಿಗೆ ಮೂರು ಬೆರಳು ಅದ್ದಿದಳು.